ನಸ್ತಾಲೀಕ್: ಕಾತಿಬನ ಕೈಯಿಂದ ಕಂಪ್ಯೂಟರಿಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



 

ಇಂತಹ ಸಮಾರಂಭಗಳಲ್ಲಿ ಶಿಕ್ಷಣದ ಮಹತ್ವ, ಶಿಸ್ತು, ಪರೀಕ್ಷೆಯ ಫಲಿತಾಂಶ ಮುಂತಾದವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಾನು ಅವೆಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಒಂದು ವಿಷಯವನ್ನು ಆಯ್ದುಕೊಂಡಿದ್ದೇನೆ. ಅದು ಅಕ್ಷರದ ರೂಪ. ನಮ್ಮ ಉರ್ದು ಪಠ್ಯಪುಸ್ತಕ, ಮದುವೆಯ ಕಾರ್ಡು, ದಿನಪತ್ರಿಕೆ, ಅಂಗಡಿಯ ಬೋರ್ಡು ಇವುಗಳಲ್ಲಿ ಕಾಣುವ ಓರೆಯಾದ, ಮೆಟ್ಟಿಲಿಳಿದು ಬರುವಂತಿರುವ ಆ ಬರಹಕ್ಕೆ ನಸ್ತಾಲೀಕ್ ಎಂದು ಹೆಸರು. ಅದು ಕೈಬರಹವಾಗಿ ಹುಟ್ಟಿ, ಬಹುಕಾಲ ಅಚ್ಚುಯಂತ್ರಕ್ಕೆ ಒಗ್ಗದೆ ಉಳಿದು, ಕೊನೆಗೆ ಕಂಪ್ಯೂಟರಿನ ಅಕ್ಷರವಾದದ್ದು ಹೇಗೆ, ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು ಎಂಬುದನ್ನು ನಿಮ್ಮ ಮುಂದಿಡಲು ಬಯಸುತ್ತೇನೆ. ಉರ್ದು ಬಾರದ ಸದಸ್ಯರೂ ಇಲ್ಲಿದ್ದೀರಿ. ನಿಮಗೂ ಅರ್ಥವಾಗುವಂತೆ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು ಈ ಬರಹದ ಸ್ವಭಾವವನ್ನು ತಿಳಿಯೋಣ. ಅರಬ್ಬಿ ಲಿಪಿಯನ್ನು ಬರೆಯುವ ಶೈಲಿಗಳು ಹಲವಾರಿವೆ. ಅವುಗಳಲ್ಲಿ ನಸ್ಖ್ ಎಂಬುದು ನೇರವಾದ ಗೆರೆಯ ಮೇಲೆ ಸಾಲಾಗಿ ನಿಲ್ಲುವ ಬರಹ. ನಮ್ಮಲ್ಲಿ ಕುರ್‌ಆನ್ ಮುದ್ರಣವಾಗುವುದು ಈ ಶೈಲಿಯಲ್ಲಿ. ತಾಲೀಕ್ ಎಂಬುದು ಇರಾನಿನಲ್ಲಿ ಬಳಕೆಯಲ್ಲಿದ್ದ ತೂಗಾಡುವಂತಹ ಬರಹ. ಇವೆರಡೂ ಬೆರೆತು 14 ಮತ್ತು 15ನೆಯ ಶತಮಾನಗಳಲ್ಲಿ ಇರಾನಿನಲ್ಲಿ ನಸ್ತಾಲೀಕ್ ರೂಪುಗೊಂಡಿತು. ಅದನ್ನು ರೂಪಿಸಿದ ಕೀರ್ತಿಯನ್ನು ಪರಂಪರೆಯು ಮೀರ್ ಅಲಿ ತಬ್ರೀಜಿ ಎಂಬ ಲಿಪಿಕಾರರಿಗೆ ಕೊಡುತ್ತದೆ. ಫಾರ್ಸಿ ಭಾಷೆಯೊಂದಿಗೆ ಅದು ಭಾರತಕ್ಕೆ ಬಂದು ಇಲ್ಲಿ ಉರ್ದುವಿನ ಮುಖವೇ ಆಗಿಹೋಯಿತು.

ಇದರ ವಿಶೇಷವೇನೆಂದರೆ, ಇಲ್ಲಿ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುವುದಿಲ್ಲ. 'ನಸೀಹತ್' ಎಂಬ ಪದವನ್ನು ತೆಗೆದುಕೊಳ್ಳಿ. ನೂನ್, ಸ್ವಾದ್, ಯೇ, ಹೇ, ತೇ ಎಂಬ ಐದು ಅಕ್ಷರಗಳು ಇಲ್ಲಿ ಒಂದಕ್ಕೊಂದು ಕೂಡುತ್ತವೆ. ಬರೆಯುವವನು ಬಲಗಡೆ ಮೇಲಿನಿಂದ ಆರಂಭಿಸಿ ಎಡಕ್ಕೆ ಇಳಿಯುತ್ತಾ ಬಂದು ಕೊನೆಯ ಅಕ್ಷರವನ್ನು ಗೆರೆಯ ಮೇಲೆ ನಿಲ್ಲಿಸುತ್ತಾನೆ. ಆದುದರಿಂದ ಪದದ ಮೊದಲನೆಯ ಅಕ್ಷರ ಎಷ್ಟು ಎತ್ತರದಲ್ಲಿರಬೇಕು ಎಂಬುದು ಕೊನೆಯ ಅಕ್ಷರದವರೆಗೆ ಯೋಚಿಸಿದವನಿಗೆ ಮಾತ್ರ ತಿಳಿಯುತ್ತದೆ. ಅಷ್ಟೇ ಅಲ್ಲ, 'ಬೇ' ಎಂಬ ಒಂದೇ ಅಕ್ಷರ 'ಜೀಮ್' ಮುಂದೆ ಒಂದು ರೂಪ, 'ರೇ' ಮುಂದೆ ಮತ್ತೊಂದು ರೂಪ, 'ಮೀಮ್' ಮುಂದೆ ಇನ್ನೊಂದು ರೂಪ ತಾಳುತ್ತದೆ. 'ಸೀನ್' ಅಕ್ಷರ ಕೆಲವೊಮ್ಮೆ ತನ್ನ ಹಲ್ಲುಗಳನ್ನೇ ಬಿಟ್ಟು ಒಂದು ಉದ್ದನೆಯ ಎಳೆಯಾಗಿಬಿಡುತ್ತದೆ. ಮೂರನೇ ತರಗತಿಯ ಮಕ್ಕಳು ಬೆರಳಿಟ್ಟು ಹಲ್ಲು ಎಣಿಸಿ "ಇದರಲ್ಲಿ ಸೀನ್ ಎಲ್ಲಿದೆ ಸರ್?" ಎಂದು ಕೇಳುವುದು ಉರ್ದು ಶಿಕ್ಷಕರೆಲ್ಲರಿಗೂ ಗೊತ್ತು.

ಕನ್ನಡ ಬಲ್ಲವರಿಗೆ ಇದು ತೀರಾ ಹೊಸದಲ್ಲ. ನಮ್ಮ ಒತ್ತಕ್ಷರಗಳೂ ಗೆರೆಯ ಕೆಳಕ್ಕೆ ಇಳಿಯುತ್ತವೆ. 'ಕ'ಗೆ ಒತ್ತು ಕೊಟ್ಟಾಗ ಅದರ ರೂಪ ಬೇರೆ. ಆದರೆ ಕನ್ನಡದಲ್ಲಿ ಈ ಬದಲಾವಣೆ ಒಂದು ಅಕ್ಷರದೊಳಗೆ ಮುಗಿಯುತ್ತದೆ. ನಸ್ತಾಲೀಕ್‌ನಲ್ಲಿ ಅಕ್ಷರಗಳು ಎಲ್ಲಿಯವರೆಗೆ ಕೂಡಿಕೊಂಡು ಹೋಗುತ್ತವೆಯೋ ಅಲ್ಲಿಯವರೆಗೂ ನಡೆಯುತ್ತದೆ.

ಈ ಬರಹಕ್ಕೆ ಅಳತೆಯೂ ಉಂಟು. ಓರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯನ್ನು ಕಾಗದದ ಮೇಲೆ ಒತ್ತಿದಾಗ ಮೂಡುವ ಚೌಕದಂತಹ ಚುಕ್ಕೆಯೇ ನುಕ್ತ. ಅಲಿಫ್ ಮೂರು ನುಕ್ತದಷ್ಟು ಎತ್ತರವಿರಬೇಕು ಎಂದು ಉಸ್ತಾದರು ಕಲಿಸುತ್ತಾರೆ. ಉಳಿದ ಅಕ್ಷರಗಳ ಅಗಲ, ಹೊಟ್ಟೆ, ಬಾಲ ಎಲ್ಲವೂ ಇದೇ ನುಕ್ತದ ಲೆಕ್ಕದಲ್ಲಿ. ನೋಡುವವರಿಗೆ ಅದು ಕೈಯ ಓಟ. ಕಲಿತವರಿಗೆ ಅದು ಲೆಕ್ಕ.

ನಮ್ಮ ಕರ್ನಾಟಕಕ್ಕೂ ಈ ಕಲೆಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಷಾಹ 'ಕಿತಾಬ್-ಎ-ನವರಸ್' ಎಂಬ ಗೀತೆಗಳ ಗ್ರಂಥವನ್ನು ದಖ್ಖನಿ ಭಾಷೆಯಲ್ಲಿ ರಚಿಸಿದ್ದು ಎಲ್ಲರಿಗೂ ಗೊತ್ತು. ಇರಾನಿನಿಂದ ಬಂದಿದ್ದ ಖಲೀಲುಲ್ಲಾ ಎಂಬ ನಸ್ತಾಲೀಕ್ ಲಿಪಿಕಾರರು 1618ರ ಸುಮಾರಿಗೆ ಆ ಗ್ರಂಥದ ಒಂದು ಪ್ರತಿಯನ್ನು ಬರೆದು ಸುಲ್ತಾನನಿಗೆ ಒಪ್ಪಿಸಿದರು. ಸುಲ್ತಾನನು ಅವರಿಗೆ ಕೊಟ್ಟ ಬಿರುದು 'ಪಾದ್‌ಷಾಹ್-ಎ-ಕಲಮ್', ಅಂದರೆ ಲೇಖನಿಯ ಬಾದಷಹ. ಸಿಂಹಾಸನದ ಮೇಲಿದ್ದವನೇ ಬರೆಯುವವನನ್ನು ಬಾದಷಹನೆಂದು ಕರೆದ ನಾಡು ಇದು. ಸುಂದರವಾದ ಅಕ್ಷರ ದೆಹಲಿ, ಲಖನೌಗಳ ಸೊತ್ತು ಮಾತ್ರ ಎಂದು ನಾವು ಭಾವಿಸಬೇಕಾಗಿಲ್ಲ.

ಇನ್ನು ಮುದ್ರಣದ ವಿಷಯಕ್ಕೆ ಬರೋಣ. ಅಚ್ಚುಮೊಳೆಯ ಮುದ್ರಣದಲ್ಲಿ ಒಂದೊಂದು ಅಕ್ಷರಕ್ಕೂ ಸೀಸದ ಒಂದೊಂದು ಮೊಳೆ. ಅವುಗಳನ್ನು ಸಾಲಾಗಿ ಜೋಡಿಸಿ ಮಸಿ ಹಚ್ಚಿ ಒತ್ತುತ್ತಾರೆ. ಇಂಗ್ಲಿಷಿಗೆ ಇದು ಸುಲಭ. ಕನ್ನಡಕ್ಕೆ ಒತ್ತು, ಕೊಂಬು, ದೀರ್ಘಗಳಿಂದ ಕಷ್ಟವಾದರೂ ಸಾಧ್ಯವಾಯಿತು. ಆದರೆ ಮೊಳೆ ಎಂದರೆ ಚೌಕದ ತುಂಡು. ಅದು ಪಕ್ಕದ ಮೊಳೆಗೆ ತಾಗಿ ನೆಟ್ಟಗೆ ನಿಲ್ಲಬೇಕು. ಇಳಿಜಾರಿನಲ್ಲಿ ನಡೆಯುವ ನಸ್ತಾಲೀಕ್ ಅದರೊಳಗೆ ಹೇಗೆ ಹಿಡಿಸೀತು? 1800ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಫೋರ್ಟ್ ವಿಲಿಯಂ ಕಾಲೇಜಿನ ಪುಸ್ತಕಗಳಿಗೆ ನಸ್ತಾಲೀಕ್ ಮೊಳೆಗಳನ್ನು ಬಳಸಿದರು. ಮುಂದೆ ಹೈದರಾಬಾದಿನಲ್ಲಿಯೂ ನಿಜಾಮರ ಆಳ್ವಿಕೆಯಲ್ಲಿ ಇಂತಹ ಪ್ರಯತ್ನಗಳು ನಡೆದವು. ಆದರೆ ಯಾವುದೂ ಜನರ ನಿತ್ಯ ಬಳಕೆಗೆ ಬಂದು ನಿಲ್ಲಲಿಲ್ಲ. ಮೊಳೆಗಳು ಬೇಕಾದದ್ದು ನೂರಾರು. ಜೋಡಿಸಿದ ಮೇಲೆ ಕಂಡದ್ದು ಮುರಿದ ಬರಹ.

ಉರ್ದುವನ್ನು ಆಗ ಕಾಪಾಡಿದ್ದು ಕಲ್ಲಚ್ಚು. ಇದನ್ನು ಜರ್ಮನಿಯ ಅಲೋಯ್ಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಹಿಡಿದರು. ಕೈಯಿಂದ ಬರೆದದ್ದನ್ನೇ ಕಲ್ಲಿನ ಮೇಲೆ ಇಳಿಸಿ ಸಾವಿರಾರು ಪ್ರತಿ ತೆಗೆಯಬಹುದಾಗಿತ್ತು. 1858ರಲ್ಲಿ ಲಖನೌದಲ್ಲಿ ಆರಂಭವಾದ ನವಲ್ ಕಿಶೋರ್ ಮುದ್ರಣಾಲಯ ಇದೇ ವಿಧಾನದಿಂದ ಉರ್ದು, ಫಾರ್ಸಿ, ಅರಬ್ಬಿ ಗ್ರಂಥಗಳನ್ನು ಜನಸಾಮಾನ್ಯರ ಕೈಗೆ ಮುಟ್ಟಿಸಿತು. ಒಬ್ಬ ಹಿಂದೂ ಪ್ರಕಾಶಕರು, ಮುನ್ಷಿ ನವಲ್ ಕಿಶೋರ್, ಈ ಸೇವೆ ಮಾಡಿದರೆಂಬುದನ್ನು ನಾವು ನೆನೆಯಬೇಕು. ಹೀಗೆ ಮುದ್ರಣಯುಗದಲ್ಲಿಯೂ ಉರ್ದು ಪುಸ್ತಕವೆಂದರೆ ಕಾತಿಬರ ಕೈಬರಹವೇ ಆಗಿ ಉಳಿಯಿತು. ಅಲ್ಲಾಮಾ ಇಕ್ಬಾಲರ ಕವನ ಸಂಕಲನಗಳನ್ನು ಬರೆದುಕೊಟ್ಟ ಅಬ್ದುಲ್ ಮಜೀದ್ ಪರ್ವೀನ್ ರಕಮ್ ಅವರ ಹೆಸರು ಕವಿಯ ಹೆಸರಿನೊಂದಿಗೇ ಉಳಿದಿದೆ. ಚೆನ್ನೈಯಲ್ಲಿ 1927ರಲ್ಲಿ ಆರಂಭವಾದ 'ದಿ ಮುಸಲ್ಮಾನ್' ಪತ್ರಿಕೆ 21ನೆಯ ಶತಮಾನದಲ್ಲಿಯೂ ಕಾತಿಬರ ಕೈಯಲ್ಲೇ ಬರೆಸಿಕೊಂಡು ಹೊರಬಂದು ಹೆಸರಾಯಿತು.

ಆದರೆ ದಿನಪತ್ರಿಕೆಗೆ ಕೈಬರಹದ ವೇಗ ಸಾಲದು. ರಾತ್ರಿ ಬಂದ ಸುದ್ದಿ ಬೆಳಗ್ಗೆ ಓದುಗನ ಮನೆಗೆ ಹೋಗಬೇಕು. ಕಾತಿಬರು ಸಾಲಾಗಿ ಕುಳಿತು ಬರೆಯಬೇಕು. ಒಂದು ಸಾಲು ತಪ್ಪಿದರೆ ಕತ್ತರಿಸಿ ಅಂಟಿಸಬೇಕು. ಇನ್ನು ಮುಂದೆ ಉರ್ದುವನ್ನು ನಸ್ಖ್‌ನಲ್ಲಿಯೇ ಮುದ್ರಿಸೋಣ ಎಂದು ಹೇಳಿದವರೂ ಇದ್ದರು. ಅವರ ವಾದದಲ್ಲಿ ನ್ಯಾಯವಿತ್ತು. ಆದರೆ ಓದುಗರ ಕಣ್ಣು ಒಪ್ಪಲಿಲ್ಲ.

ಈ ಕಗ್ಗಂಟನ್ನು ಬಿಡಿಸಿದವರು ಮಿರ್ಜಾ ಅಹ್ಮದ್ ಜಮೀಲ್. 1921ರಲ್ಲಿ ದೆಹಲಿಯಲ್ಲಿ ಹುಟ್ಟಿ, ಕರಾಚಿಯಲ್ಲಿ ಮುದ್ರಣಾಲಯ ನಡೆಸುತ್ತಿದ್ದ ಅವರು ಸ್ವತಃ ಲಿಪಿಕಾರರು, ಲಿಪಿಕಾರರ ಮಗ. 1979ರಲ್ಲಿ ಸಿಂಗಾಪುರದ ಒಂದು ಮುದ್ರಣ ಪ್ರದರ್ಶನದಲ್ಲಿ ಮಾನೊಟೈಪ್ ಕಂಪನಿಯ ಯಂತ್ರವು ಚೀನೀ ಭಾಷೆಯ ಸಾವಿರಾರು ಚಿಹ್ನೆಗಳನ್ನು ಜೋಡಿಸುವುದನ್ನು ಅವರು ನೋಡಿದರು. ಯಂತ್ರದ ನೆನಪಿನಲ್ಲಿ ಅಷ್ಟು ಚೀನೀ ಚಿಹ್ನೆಗಳು ಹಿಡಿಸುವುದಾದರೆ ಉರ್ದುವಿನ ಕೂಡಿದ ಅಕ್ಷರಗುಚ್ಛಗಳೂ ಹಿಡಿಸಬೇಕಲ್ಲವೇ ಎಂದು ಅವರಿಗೆ ಹೊಳೆಯಿತು. ಅಕ್ಷರಗಳನ್ನು ಬಿಡಿಬಿಡಿಯಾಗಿ ಮಾಡಿ ಕೂಡಿಸುವ ಬದಲು, ಕೂಡಿದ ರೂಪವನ್ನೇ ಕಾತಿಬನಂತೆ ಕೈಯಲ್ಲಿ ಬರೆದು ಇಡೀ ಗುಚ್ಛವನ್ನು ಯಂತ್ರಕ್ಕೆ ಒಪ್ಪಿಸುವುದು ಅವರ ಉಪಾಯ. ಹೀಗೆ ಅವರು ಬರೆದ ಗುಚ್ಛಗಳು ಸುಮಾರು 20,000. ಮಾನೊಟೈಪ್ ಕಂಪನಿ ಅವುಗಳನ್ನು ತನ್ನ ಯಂತ್ರಕ್ಕೆ ಅಳವಡಿಸಿತು. ತಂದೆ ನೂರ್ ಅಹ್ಮದರ ನೆನಪಿಗಾಗಿ ಇದಕ್ಕೆ 'ನೂರಿ ನಸ್ತಾಲೀಕ್' ಎಂದು ಹೆಸರಿಟ್ಟರು. 1981ರ ಅಕ್ಟೋಬರ್‌ನಲ್ಲಿ 'ಜಂಗ್' ಪತ್ರಿಕೆಯ ಲಾಹೋರ್ ಆವೃತ್ತಿ ಈ ಅಕ್ಷರದಲ್ಲಿ ಹೊರಬಂತು. ಜಮೀಲ್ ಅವರು 2014ರಲ್ಲಿ ತೀರಿಕೊಂಡರು.

ವಿದ್ಯಾರ್ಥಿಗಳು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಯಂತ್ರಕ್ಕೆ ಹೊಂದಲಿ ಎಂದು ಅವರು ಅಕ್ಷರವನ್ನು ಕತ್ತರಿಸಲಿಲ್ಲ. ಅಕ್ಷರದ ಸ್ವಭಾವವನ್ನು ಪೂರ್ತಿಯಾಗಿ ಬಲ್ಲವರಾದುದರಿಂದ ಯಂತ್ರದಿಂದ ಏನು ಕೇಳಬೇಕೆಂಬುದು ಅವರಿಗೆ ತಿಳಿದಿತ್ತು. ಅವರು ತಾಂತ್ರಿಕರಷ್ಟೇ ಆಗಿದ್ದರೆ ಇದು ಆಗುತ್ತಿರಲಿಲ್ಲ. ಲಿಪಿಕಾರರಷ್ಟೇ ಆಗಿದ್ದರೂ ಆಗುತ್ತಿರಲಿಲ್ಲ.

ಭಾರತದಲ್ಲಿ ಈ ಅಕ್ಷರ ಮನೆಮಾತಾದದ್ದು 'ಇನ್‌ಪೇಜ್' ಎಂಬ ತಂತ್ರಾಂಶದಿಂದ. ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ಸಂಸ್ಥೆ 1994ರಲ್ಲಿ ನೂರಿ ನಸ್ತಾಲೀಕ್ ಅಕ್ಷರಗಳೊಂದಿಗೆ ಅದನ್ನು ಹೊರತಂದಿತು. ಸಾಮಾನ್ಯ ಕಂಪ್ಯೂಟರಿನಲ್ಲಿಯೇ ಉರ್ದು ಪುಟ ಜೋಡಿಸುವುದು ಸಾಧ್ಯವಾಯಿತು. ಊರೂರಿನ ಡಿ.ಟಿ.ಪಿ. ಅಂಗಡಿಗಳಲ್ಲಿ ಉರ್ದು ಕಾರ್ಡು, ಕರಪತ್ರ, ಪ್ರಶ್ನೆಪತ್ರಿಕೆಗಳು ಸಿದ್ಧವಾದವು. ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ತಲೆಮಾರುಗಳಿಂದ ಬರೆಯುತ್ತಾ ಬಂದಿದ್ದ ಕಾತಿಬರಿಗೆ ಕೆಲಸ ಹೋಯಿತು. ಕೆಲವರು ಕೀಲಿಮಣೆ ಕಲಿತರು. ಅನೇಕರು ಬೋರ್ಡು ಬರೆಯುವುದಕ್ಕೆ, ಬೇರೆ ಕಸುಬುಗಳಿಗೆ ಹೋದರು. ಒಬ್ಬ ಕಾತಿಬರ ಕೈ ಅಕ್ಷರವಾಗಿ ಉಳಿಯಿತು, ಸಾವಿರಾರು ಕಾತಿಬರ ಕೈ ಬರಿದಾಯಿತು. ನಾವು ಈ ಅಕ್ಷರವನ್ನು ಹೊಗಳುವಾಗ ಇದನ್ನು ಮರೆಯಬಾರದು.

ಇನ್ನೊಂದು ತೊಡಕೂ ಇತ್ತು. ಗುಚ್ಛಗಳ ಸಂಗ್ರಹದಲ್ಲಿ ಇಲ್ಲದ ಹೊಸ ಪದ ಬಂದರೆ ಅಂದ ಕೆಡುತ್ತಿತ್ತು. ಇನ್‌ಪೇಜ್‌ನ ಹಳೆಯ ಕಡತಗಳ ಬರಹ ಬೇರೆ ಕಡೆ ತೆರೆಯುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಿರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಕನ್ನಡ ಕಡತಗಳಲ್ಲಿ ನಾವು ಅನುಭವಿಸಿದ ಕಷ್ಟವೇ ಇದು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಎರಡೂ ಭಾಷೆಗಳಿಗೆ ದಾರಿ ತೆರೆಯಿತು. ಲಾಹೋರಿನ ಸಂಶೋಧಕರು ರೂಪಿಸಿದ 'ನಫೀಸ್ ನಸ್ತಾಲೀಕ್'ನಂತಹ ಫಾಂಟುಗಳು ಸಿದ್ಧ ಗುಚ್ಛಗಳನ್ನು ನಂಬದೆ, ಯಾವ ಅಕ್ಷರದ ಮುಂದೆ ಯಾವ ರೂಪ ಎಂಬ ನಿಯಮಗಳಿಂದ ಅಕ್ಷರಗಳನ್ನು ಕೂಡಿಸುತ್ತವೆ. 2012ರಲ್ಲಿ ವಿಂಡೋಸ್ 8ರೊಂದಿಗೆ, 2014ರಲ್ಲಿ ಗೂಗಲ್‌ನ 'ನೋಟೊ ನಸ್ತಾಲೀಕ್ ಉರ್ದು' ಮೂಲಕ, 2017ರಲ್ಲಿ ಐಫೋನ್‌ನಲ್ಲಿ ನಸ್ತಾಲೀಕ್ ದೊರೆಯಿತು. ಬೋರ್ನಾ ಇಜಾದ್‌ಪನಾಹ್ ಅವರ 'ಗುಲ್ಜಾರ್' 2022ರಿಂದ ಉಚಿತವಾಗಿ ಸಿಗುತ್ತಿದೆ. ಅಂದರೆ ಇಂದು ನಮಗೆ ಕೊರತೆಯಿರುವುದು ಫಾಂಟಿನದ್ದಲ್ಲ.

ಈಗ ಬಳಕೆಯ ವಿಷಯ. ಕಾರ್ಡು, ಬ್ಯಾನರ್, ಸ್ಮರಣ ಸಂಚಿಕೆ ಮಾಡಿಸುವ ಸಂಘ ಸಂಸ್ಥೆಗಳವರೂ ಕಂಪ್ಯೂಟರ್ ಕಲಿಯುತ್ತಿರುವ ವಿದ್ಯಾರ್ಥಿಗಳೂ ಈ ಕೆಲವು ಮಾತುಗಳನ್ನು ನೆನಪಿಡಬೇಕೆಂದು ಕೋರುತ್ತೇನೆ.

ಒಂದು: ನಸ್ತಾಲೀಕ್‌ಗೆ ಜಾಗ ಕೊಡಿ. ಮದುವೆಯ ಕಾರ್ಡು, ಪುಸ್ತಕದ ಮುಖಪುಟ, ಪ್ರಶಸ್ತಿಪತ್ರ, ಕವನ, ಲೇಖನದ ಶೀರ್ಷಿಕೆ ಇವು ಅದಕ್ಕೆ ಹೇಳಿ ಮಾಡಿಸಿದ ಸ್ಥಳಗಳು. ಸಾಲುಗಳ ನಡುವೆ ಅಂತರ ಹೆಚ್ಚಿರಲಿ. ಇಲ್ಲವಾದರೆ ಮೇಲಿನ ಸಾಲಿನ ನುಕ್ತ ಕೆಳಗಿನ ಸಾಲಿನ ಅಕ್ಷರದ್ದೆಂದು ತೋರಿ ಪದವೇ ಬದಲಾಗುತ್ತದೆ. ಉರ್ದುವಿನಲ್ಲಿ ಒಂದು ಚುಕ್ಕೆ ಆಚೀಚೆಯಾದರೆ ಅರ್ಥವೇ ಬೇರೆ.

ಎರಡು: ಎಳೆಯಬೇಡಿ, ಬಿಡಿಸಬೇಡಿ. ಇಂಗ್ಲಿಷ್ ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಸಾಲು ತುಂಬಿಸುವಂತೆ ಇಲ್ಲಿ ಮಾಡಿದರೆ ಪದ ಮುರಿಯುತ್ತದೆ. ಬ್ಯಾನರಿನ ಅಗಲಕ್ಕೆ ಹೊಂದಲೆಂದು ಅಕ್ಷರವನ್ನು ಅಡ್ಡಡ್ಡ ಹಿಗ್ಗಿಸಿದರೆ ನುಕ್ತದ ಲೆಕ್ಕವೆಲ್ಲ ಕೆಡುತ್ತದೆ.

ಮೂರು: ಸಣ್ಣ ಅಕ್ಷರದ ಅರ್ಜಿ ನಮೂನೆ, ವೇಳಾಪಟ್ಟಿ, ಅಂಕಪಟ್ಟಿ, ಔಷಧಿಯ ಚೀಟಿ ಇವುಗಳಿಗೆ ನಸ್ಖ್ ಮೇಲು. ಗೆರೆ ಹೊಡೆದ ಕಿರಿದಾದ ಮನೆಗಳಲ್ಲಿ ನಸ್ತಾಲೀಕ್‌ಗೆ ಉಸಿರು ಕಟ್ಟುತ್ತದೆ. ಕುರ್‌ಆನಿನ ವಾಕ್ಯಗಳನ್ನು ಹಾಕುವಾಗಲೂ ನಮ್ಮ ಕಡೆಯ ಪದ್ಧತಿಯಂತೆ ನಸ್ಖ್‌ನಲ್ಲಿ, ಜೇರ್ ಜಬರ್ ಸಹಿತವಾಗಿಯೇ ಹಾಕಿಸಬೇಕು.

ನಾಲ್ಕು: ಕನ್ನಡ ಮತ್ತು ಉರ್ದು ಒಂದೇ ಕಾರ್ಡಿನಲ್ಲಿ ಬರುವಾಗ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. ಕನ್ನಡದ ಒತ್ತು ಕೆಳಕ್ಕೆ ಇಳಿಯುತ್ತದೆ, ನಸ್ತಾಲೀಕ್ ಮೇಲಿನಿಂದ ಇಳಿಯುತ್ತದೆ, ಎರಡೂ ಒಂದಕ್ಕೊಂದು ತಾಗುತ್ತವೆ. ಕನ್ನಡ ಎಡಗಡೆಯ ಅಂಚಿನಿಂದ, ಉರ್ದು ಬಲಗಡೆಯ ಅಂಚಿನಿಂದ ಆರಂಭವಾಗುವಂತೆ ಬೇರೆ ಬೇರೆ ಭಾಗಗಳಲ್ಲಿಡಿ. ಒಂದೇ ಅಳತೆ ಹಾಕಿದರೆ ಉರ್ದು ಚಿಕ್ಕದಾಗಿ ಕಾಣುತ್ತದೆ. ಅದನ್ನು ಸ್ವಲ್ಪ ದೊಡ್ಡದು ಮಾಡಿ. ಉರ್ದು ಅಕ್ಷರ ಇಷ್ಟು ಬಳುಕಿನದಾಗಿರುವಾಗ ಪಕ್ಕದ ಕನ್ನಡ ಅಕ್ಷರ ಸರಳವಾಗಿರಲಿ. ಎರಡೂ ಅಲಂಕಾರದ ಅಕ್ಷರವಾದರೆ ಯಾವುದೂ ಓದಿಸಿಕೊಳ್ಳುವುದಿಲ್ಲ.

ಐದು: ಅಚ್ಚಿಗೆ ಹೋಗುವ ಮೊದಲು ಉರ್ದು ಓದಲು ಬರುವವರೊಬ್ಬರು ನೋಡಲೇಬೇಕು. ಬಲದಿಂದ ಎಡಕ್ಕೆ ಬರೆಯುವ ವ್ಯವಸ್ಥೆಯಿಲ್ಲದ ತಂತ್ರಾಂಶಕ್ಕೆ ಉರ್ದುವನ್ನು ತಂದು ಅಂಟಿಸಿದಾಗ ಅಕ್ಷರಗಳು ಬಿಡಿಯಾಗಿ, ತಲೆಕೆಳಗಾದ ಕ್ರಮದಲ್ಲಿ ನಿಲ್ಲುತ್ತವೆ. ಇಂತಹ ಬೋರ್ಡುಗಳು, ಬ್ಯಾನರುಗಳು ನಮ್ಮ ಬೀದಿಗಳಲ್ಲಿಯೇ ನೇತಾಡುವುದನ್ನು ನೀವು ನೋಡಿರುತ್ತೀರಿ. ಅವು ಬರಹದಂತೆ ಕಾಣುತ್ತವೆ, ಆದರೆ ಅಲ್ಲಿ ಬರಹವಿಲ್ಲ.

ಈ ಐದನೆಯ ಮಾತಿನ ಬಳಿ ನಾನು ಸ್ವಲ್ಪ ನಿಲ್ಲಬೇಕು. ಅಂತಹ ಬೋರ್ಡನ್ನು ಮಾಡಿದವರಿಗೆ ಉರ್ದು ಬಾರದಿರಬಹುದು. ಅದು ಅವರ ತಪ್ಪಲ್ಲ. ಆದರೆ ಮಾಡಿಸಿದವರು ನಾವು. ಹಣ ಕೊಟ್ಟು ತಂದು, ಕಟ್ಟಿ, ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರೂ ನಮ್ಮಲ್ಲಿ ಒಬ್ಬರಿಗೂ ಅದು ಕಾಣಲಿಲ್ಲವೆಂದರೆ, ನಾವು ಅಕ್ಷರವನ್ನು ಓದುತ್ತಿಲ್ಲ, ಅದನ್ನು ಅಲಂಕಾರವಾಗಿ ನೋಡುತ್ತಿದ್ದೇವೆ ಎಂದೇ ಅರ್ಥ. ಮನೆಯಲ್ಲಿ ಉರ್ದು ಮಾತನಾಡುವ ಎಷ್ಟೋ ಮಕ್ಕಳು ಇಂದು ಮೊಬೈಲಿನಲ್ಲಿ ಉರ್ದುವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಮದುವೆಯ ಕಾರ್ಡಿನ ಉರ್ದು ಭಾಗವನ್ನು ತಾತನಿಗೆ ತೋರಿಸಿ "ಸರಿಯಿದೆಯಾ ದಾದಾ?" ಎಂದು ಕೇಳುತ್ತಾರೆ. ತಾತ ಇಲ್ಲದ ಮನೆಯಲ್ಲಿ ಯಾರನ್ನು ಕೇಳುತ್ತಾರೆ? 20,000 ಗುಚ್ಛಗಳನ್ನು ಬರೆದಿಟ್ಟವರು ಓದುಗರನ್ನು ಬರೆದಿಡಲಾಗುವುದಿಲ್ಲ. ಓದುಗರನ್ನು ತಯಾರು ಮಾಡುವುದು ಮನೆ ಮತ್ತು ಶಾಲೆಯ ಕೆಲಸ.

ಇದಕ್ಕೆ ದೊಡ್ಡ ಯೋಜನೆಗಳು ಬೇಕಾಗಿಲ್ಲ. ಶಾಲೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ತಖ್ತಿ ಅಥವಾ ಕಾಪಿ ಬರಹಕ್ಕೆ ಮೀಸಲಿಡೋಣ. ಕನ್ನಡವನ್ನು ದುಂಡಾಗಿ ಬರೆಯಬೇಕೆಂದು ಒತ್ತಾಯಿಸುವ ನಾವು ಉರ್ದುವಿನಲ್ಲಿ ನುಕ್ತ ಎಲ್ಲಿ ಬಿದ್ದರೂ ಸುಮ್ಮನಿರಬಾರದು. ಗೋಡೆಪತ್ರಿಕೆಯ ಲೇಖನ ಕಂಪ್ಯೂಟರಿನದಾದರೂ ಶೀರ್ಷಿಕೆಯನ್ನು ಮಕ್ಕಳೇ ಕೈಯಿಂದ ಬರೆಯಲಿ. ಎಂಟನೇ ತರಗತಿಯಿಂದಲೇ ಯೂನಿಕೋಡ್‌ನಲ್ಲಿ ಉರ್ದು ಮತ್ತು ಕನ್ನಡ ಎರಡನ್ನೂ ಟೈಪು ಮಾಡಲು ಕಲಿಸೋಣ. ಎರಡೂ ಲಿಪಿಗಳನ್ನು ತಪ್ಪಿಲ್ಲದೆ ಜೋಡಿಸಿ ತಿದ್ದಬಲ್ಲ ಹುಡುಗ ಹುಡುಗಿಯರಿಗೆ ಮುದ್ರಣಾಲಯಗಳಲ್ಲಿ, ಪತ್ರಿಕೆಗಳಲ್ಲಿ, ಅನುವಾದದ ಕೆಲಸದಲ್ಲಿ ಬೆಲೆಯಿದೆ. ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಮನವಿ: ನಮ್ಮ ಯಾವುದೇ ಆಮಂತ್ರಣ ಪತ್ರ, ಬ್ಯಾನರ್ ಅಚ್ಚಾಗುವ ಮೊದಲು ಅದರ ಉರ್ದು ಕರಡನ್ನು ಒಬ್ಬ ವಿದ್ಯಾರ್ಥಿಯಿಂದ ಓದಿಸಿ. ತಪ್ಪು ಹಿಡಿದವರಿಗೆ ಒಂದು ಲೇಖನಿಯನ್ನು ಬಹುಮಾನವಾಗಿ ಕೊಡಿ.